ಮಾರಂಡಹಳ್ಳಿಗೆ ಹೋಗಿ ಬಂದೆವು

ಧರ್ಮಪುರಿಯ ಹಳೆಯ ಹೆಸರು ತಗಡೂರು. ನಿಧಿಯಣ್ಣ, ಚಂಡಿಯಣ್ಣ ಎಂಬ ಸೆಟ್ಟರ ಮಕ್ಕಳಿಬ್ಬರು ಅಲ್ಲಿ ಬಸದಿ ಕಟ್ಟಿಸಿದ ಸಂಗತಿ ಕ್ರಿ.ಶ. 893ರ ಶಾಸನದಲ್ಲಿದೆ. ವ್ಯಾಪಾರಸ್ಥರ ಮನೆಯ ಕೆಲಸವೆಂದು ಅಭಿಮಾನಪಟ್ಟು ಹಿಂತಿರುಗುವಾಗ, ಹೊಸೂರಿನ ರೈಲಿನಲ್ಲಿ ಬಂದು ಮಾರಂಡಹಳ್ಳಿಯಲ್ಲಿ ಇಳಿದೆವು. ನಮ್ಮ ಹಾರ್ಡ್‌ವೇರ್ ಅಂಗಡಿಯ ಹಳೆಯ ಗಿರಾಕಿಯೊಬ್ಬರು ಅಲ್ಲಿದ್ದಾರೆ. ಬಾಕಿ ವಸೂಲಿಯೂ ಇತ್ತೆನ್ನಿ.

ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುವ ಊರು. ಪಂಚಪಳ್ಳಿ ಅಣೆಕಟ್ಟು ಹತ್ತಿರವೇ. ಕಾಡಿನಿಂದ ಆನೆಗಳು ಹೊಲಕ್ಕೆ ಬರುತ್ತವೆ. 2023ರ ಮಾರ್ಚಿಯಲ್ಲಿ ಇಲ್ಲಿಯ ಹೊಲವೊಂದರ ಅಕ್ರಮ ವಿದ್ಯುತ್ ಬೇಲಿ ತಗುಲಿ ಮೂರು ಹೆಣ್ಣಾನೆಗಳು ಸತ್ತವು. ಜೊತೆಗಿದ್ದ ಎರಡು ಮರಿಗಳು ಮಾತ್ರ ಉಳಿದವು. ಸೋಲಾರ್ ಬೇಲಿಯಾದರೆ ಬಿಟ್ಟು ಬಿಟ್ಟು ಹೊಡೆದು ಹೆದರಿಸುತ್ತದೆ. ಲೈನಿನಿಂದ ನೇರ ಎಳೆದ ಕರೆಂಟು ಪ್ರಾಣ ತೆಗೆಯುತ್ತದೆ.

ಇದನ್ನು ಹೇಳುತ್ತ ಗಿರಾಕಿಯವರು, "ಏನ್ಮಾಡೋದು ಶೆಟ್ರೇ, ತಂತಿ ನೀವು ಮಾರ್ತೀರ, ನಾವು ಕಟ್ತೀವಿ" ಎಂದರು. ಕುಹಕವಿರಲಿಲ್ಲ. ಆದರೂ ಕುಡಿಯುತ್ತಿದ್ದ ಕಾಫಿ ರುಚಿಸಲಿಲ್ಲ. ಅದು ನಮ್ಮ ಅಂಗಡಿಯ ತಂತಿಯಲ್ಲ. ಆದರೆ ಮೂವತ್ತು ವರ್ಷಗಳಲ್ಲಿ ಎಷ್ಟು ಸುತ್ತು ತಂತಿ ತೂಗಿ ಕೊಟ್ಟಿದ್ದೇವೆ! ಏತಕ್ಕೆಂದು ಒಮ್ಮೆಯೂ ಕೇಳಿದವರಲ್ಲ. ದರ, ತೂಕ, ಉದ್ರಿ ಇಷ್ಟರಲ್ಲೇ ನಮ್ಮ ಗಮನ.

ಬುದ್ಧ ಭಗವಾನರು ಉಪಾಸಕರಿಗೆ ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರ ಬೇಡವೆಂದರು. ಎಚ್ಚರದಿಂದಿರುವುದಕ್ಕೆ ಬೌದ್ಧರು 'ಸತಿ' ಎನ್ನುತ್ತಾರೆ. ಈಗ ಅದನ್ನು ಕಲಿಯಲು ನಮ್ಮ ಮಕ್ಕಳೂ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗುತ್ತಾರೆ, ಹೋಗಲಿ, ಒಳ್ಳೆಯದೇ. ನಮ್ಮಲ್ಲೂ ಅಪ್ರಮಾದವೆಂಬ ಮಾತುಂಟು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ 'ಹಿಂಸಾದಾನ' ಒಂದು: ಹಿಂಸೆಗೆ ಸಾಧನವಾಗುವುದನ್ನು ಇನ್ನೊಬ್ಬರ ಕೈಗಿಡುವುದು. ಕೊಡಲಿ, ಕತ್ತಿ, ಗುದ್ದಲಿ, ಸರಪಳಿ ಎಂದು ಅಲ್ಲಿರುವ ಪಟ್ಟಿ ನಮ್ಮ ಅಂಗಡಿಯ ಸ್ಟಾಕ್ ಪುಸ್ತಕವನ್ನೇ ಓದಿದಂತಿದೆ. ಎಲ್ಲವನ್ನೂ ಬಿಟ್ಟರೆ ಅಂಗಡಿ ಮುಚ್ಚಬೇಕು. ಗುದ್ದಲಿಯಿಲ್ಲದೆ ರೈತ ಬದುಕುವುದೂ ಇಲ್ಲ.

ಬಂದ ಮೇಲೆ ಒಂದು ಪದ್ಧತಿ ಹಿಡಿದಿದ್ದೇವೆ. ತಂತಿ ಕೇಳಿದವರನ್ನು ಕೂರಿಸಿ, ನೀರು ಕೊಟ್ಟು, ಏತಕ್ಕೆಂದು ಕೇಳುತ್ತೇವೆ. ಬೇಲಿಗೆಂದರೆ ಸೋಲಾರ್ ಪೆಟ್ಟಿಗೆಯನ್ನು ತರಿಸಿ ಕಂತಿನಲ್ಲಿ ಕೊಡುತ್ತೇವೆ. ಇಬ್ಬರು ಒಪ್ಪಿದ್ದಾರೆ. ಕಳೆದ ವಾರ ಒಬ್ಬರು, "ತಂತಿ ಕೊಡ್ತೀರೋ, ಪೊಲೀಸರ ಹಾಗೆ ವಿಚಾರಣೆ ಮಾಡ್ತೀರೋ?" ಎಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಎದುರಂಗಡಿಯಿಂದ ತಂತಿಯ ಸುತ್ತು ಹೆಗಲಿಗೇರಿಸಿ ಹೊರಟರು. ಗಲ್ಲಾದ ಮೇಲಿದ್ದ ಮಗ ನಮ್ಮ ಮುಖ ನೋಡಿದ.