ಓಮ್ನಿಗೊಂದು ಕಾಯಿಲ್

ಜೂನ್ 14, 2024, ಶುಕ್ರವಾರ

ಓಮ್ನಿ ವ್ಯಾನಿನ ಎಂಜಿನ್ ನಿಯಂತ್ರಿಸುವ ಸ್ಪೀಡುಯಿನೊ ಬೋರ್ಡಿನ ಬೆಸುಗೆ ಮುಗಿಯಿತು. ಕಾರ್ಬ್ಯುರೇಟರ್ ಸದ್ಯ ಹಾಗೇ ಇರಲಿ, ಮೊದಲು ಇಗ್ನಿಷನ್. ಬೋರ್ಡಿನ ಮೆದುಳಾದ ಆರ್ಡುಯಿನೊ ಮೆಗಾದ ಒಂದು ಪಿನ್ನಿಗೆ ಹೆಚ್ಚೆಂದರೆ 40 ಮಿಲಿಆಂಪ್ ತಾಳಿಕೆ. ಕಾಯಿಲ್ ಎಳೆಯುವುದು ಆರೇಳು ಆಂಪ್. ನಡುವೆ ಆ ಕರೆಂಟನ್ನು ಹಾಯಿಸಿ ಕಡಿಯುವ ಇಗ್ನೈಟರ್ ಬೇಕೇ ಬೇಕು. ಅದು ಕಾಯಿಲಿನೊಳಗೇ ಇರುವಂಥದ್ದು ತರುವುದೋ, ಬೇರೆ ಕೂರಿಸುವುದೋ ಎಂಬುದೇ ಈಗಿನ ತಲೆಬಿಸಿ.

ಜೂನ್ 16, ಆದಿತ್ಯವಾರ

ಮಳೆಯಲ್ಲೇ ಗುಜರಿಗೆ ಹೋದೆ. ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡುವ ಕಾಯಿಲ್ ಅಗ್ಗಕ್ಕೆ ಸಿಗುತ್ತಿತ್ತು. ಪಿಸ್ಟನ್‌ಗಳು ಜೋಡಿಯಾಗಿ ಏರಿಳಿಯುವ ನಾಲ್ಕು ಸಿಲಿಂಡರಿಗೆ ಅದು ಸರಿ, ಓಮ್ನಿಯ 796 ಸಿಸಿ ಎಂಜಿನ್ನಿನಲ್ಲಿ ಇರುವುದೇ ಮೂರು. ಆಲ್ಟೊ ಕೆ10ರ ಕಾಯಿಲ್ ನೋಡಿ ಆಸೆಯಾಯಿತು: ಮೂರು ಪಿನ್, ಇಗ್ನೈಟರ್ ಒಳಗೇ ಉಂಟು. ಆದರೆ ಅದು ಹೆಡ್ಡಿನ ಆಳದ ಗುಂಡಿಗೆ ಇಳಿಯಬೇಕಾದ ಕೋಲು. ಓಮ್ನಿಯ ಪ್ಲಗ್ಗುಗಳು ಪಕ್ಕದಲ್ಲಿವೆ, ಅದೂ ಸೀಟಿನಡಿಯ ಇಕ್ಕಟ್ಟಿನಲ್ಲಿ.

"ಇದ್ದ ಡಿಸ್ಟ್ರಿಬ್ಯೂಟರಿಗೆ ಎಂತ ಆಗಿದೆ ಮಾರಾಯ್ರೆ?" ಎಂದರು ಗ್ಯಾರೇಜಿನ ಅಣ್ಣ.

ರಾತ್ರಿ ಲೆಕ್ಕ ಹಾಕಿದೆ. 6000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್, 240 ಡಿಗ್ರಿಗೊಂದು ಕಿಡಿ ಎಂದರೆ 6.7. ಕಾಯಿಲ್ ತುಂಬಲು 3 ಸಾಕು. ಡಿಸ್ಟ್ರಿಬ್ಯೂಟರ್ ಉಳಿಸಿಕೊಂಡರೆ ಒಂದೇ ಕಾಯಿಲ್ ಧಾರಾಳ. ಕಿಡಿಯ ಹೊತ್ತು ಹೊಂದಿಸುವ ಅದರ ಅಡ್ವಾನ್ಸ್ ಮಾತ್ರ ಅಲುಗದಂತೆ ಬಿಗಿಯಬೇಕು, ಇನ್ನು ಆ ಕೆಲಸ ಬೋರ್ಡಿನದು.

ಜೂನ್ 23, ಆದಿತ್ಯವಾರ

ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಾಷ್‌ನ ಬಿಐಪಿ373 ಇಗ್ನೈಟರ್ ಬಂತು. ಕಾಯಿಲಿನ ತುದಿ ಸೇರುವುದು ಅದರ ಬೆನ್ನಿನ ಲೋಹದ ತಗಡಿಗೇ, ಕಿಡಿ ಹಾರುವ ಗಳಿಗೆಯಲ್ಲಿ ಅಲ್ಲಿ 400 ವೋಲ್ಟಿನಷ್ಟು ಏರುತ್ತದೆ. ಹೀಟ್‌ಸಿಂಕಿಗೆ ಬರಿದೇ ಬಿಗಿದರೆ ಬಾಡಿಗೆ ಶಾರ್ಟ್. ನಡುವೆ ಅಭ್ರಕದ ಹಾಳೆ, ನೈಲಾನ್ ಸ್ಕ್ರೂ. ಕೂರಿಸಿದ್ದೂ ಬೋರ್ಡಿನ ಪೆಟ್ಟಿಗೆಯೊಳಗಲ್ಲ, ಕಾಯಿಲಿನ ಹತ್ತಿರ. ಆ ಬಿಸಿ, ಆ ಗದ್ದಲ ಬೋರ್ಡಿಗೆ ಯಾಕೆ?

ಹಳೆ ಕಾಯಿಲ್ ಅಳೆದೆ: ಮೀಟರ್ ತಂತಿಯದ್ದು ಕಳೆದರೆ 1.2 ಓಮ್. ಅಂದರೆ ಬೋರ್ಡ್ ಎಚ್ಚರಾಗುವ ಮೊದಲು ಸಿಗ್ನಲ್ ತಂತಿ ಅತಂತ್ರವಾಗಿ ಇಗ್ನೈಟರ್ ಆನ್ ಆದರೆ 10 ಆಂಪ್ ಸುಮ್ಮನೆ ಹರಿಯುತ್ತಲೇ ಇರುತ್ತದೆ, ಕಾಯಿಲ್ ಸುಟ್ಟು ಹೋಗಲು ಹೆಚ್ಚು ಹೊತ್ತು ಬೇಡ. ಸಿಗ್ನಲ್ ತಂತಿಯಿಂದ ಅರ್ಥಿಗೊಂದು ರೆಸಿಸ್ಟರ್ ಹಾಕಿದೆ. ಕಾಯಿಲಿನ ಬದಲು ಇಂಡಿಕೇಟರ್ ಬಲ್ಬ್ ಕಟ್ಟಿ ಕೀ ತಿರುಗಿಸಿದೆ. ಉರಿಯಲಿಲ್ಲ, ಉರಿಯಲೂಬಾರದು.

ಇಗ್ನೈಟರ್ ಎರಡು ತರಿಸಿದ್ದೇನೆ. ಚಾರ್ಮಾಡಿ ಘಾಟಿಯಲ್ಲಿ ಗಾಡಿ ನಿಂತರೆ ಬೆಳ್ತಂಗಡಿಗೆ ಇಳಿದು ಓಮ್ನಿಯ ಕಾಯಿಲ್ ಹೇಗೋ ಹುಡುಕಬಹುದು, ಬಿಐಪಿ373 ಎಂದರೆ ಅಂಗಡಿಯವರು ನನ್ನ ಮುಖ ನೋಡುತ್ತಾರೆ.