ಮೂತಿ ಊದಿದ ನಾಯಿ, ಊದದ ನಾಯಿ

ಯಲಹಂಕ ಉಪನಗರ, ಹೊಂಗೆ ಹೂ ಬಿಡುವ ಕಾಲ

ಪಕ್ಕದ ಬ್ಲಾಕಿನ ಏಳನೇ ಮಹಡಿಯ ಸಜ್ಜೆಗೆ ಈ ಸಲವೂ ಹೆಜ್ಜೇನು ಬಂದು ಕೂತಿದೆ. ಸ್ವಲ್ಪ ದೂರದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಾವಿರ ಎಕರೆಗೂ ಮೀರಿದ ಮರಗಿಡಗಳಿವೆ. ಅವನ್ನು ಬಿಟ್ಟು ಸಿಮೆಂಟು ಯಾಕೆ ಬೇಕಾಯಿತು ಎಂದು ಮೊದಲು ಅನ್ನಿಸಿತ್ತು. ಎತ್ತರದ ಕೊಂಬೆ, ಬಂಡೆಯ ಸಂದು ಹುಡುಕುವ ಹುಳಕ್ಕೆ ಬೇಕಾದದ್ದೆಲ್ಲ ಇಲ್ಲೇ ಇದೆ: ಎತ್ತರ, ಮಳೆಗೆ ಮರೆ, ಕರಡಿ ಹತ್ತದ ಗೋಡೆ. ಸೊಸೈಟಿ ಗ್ರೂಪಿನಲ್ಲಿ ಯಥಾಪ್ರಕಾರ ಎರಡು ಪಕ್ಷ. ಒಬ್ಬರು ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ ಎನ್ನುತ್ತಾರೆ, ಇನ್ನೊಬ್ಬರು ಅವುಗಳ ಪಾಡಿಗೆ ಅವು ಇರಲಿ ಬಿಡಿ ಎನ್ನುತ್ತಾರೆ. ನಾಯಿಗಳ ಮಾತು ಯಾರೂ ಎತ್ತಿಲ್ಲ.

ಹೆಜ್ಜೇನು ಬೆಳದಿಂಗಳ ರಾತ್ರಿಯಲ್ಲೂ ಹೂವಿಗೆ ಹೋಗುತ್ತದೆ. ಹೀಗಾಗಿ ಕಾರಿಡಾರಿನ ದೀಪಕ್ಕೂ ಮರುಳಾಗುತ್ತದೆ. ಬೆಳಗಾಗುವಷ್ಟರಲ್ಲಿ ಟ್ಯೂಬ್‌ಲೈಟಿನ ಕೆಳಗೆ ರೆಕ್ಕೆ ಸೋತ ಹುಳಗಳು ನೆಲದ ಮೇಲೆ ತೆವಳುತ್ತಿರುತ್ತವೆ. ನಾಯಿಗಳ ಮೊದಲ ವಾಕಿಂಗ್ ಹೊರಡುವುದೂ ಅದೇ ಹೊತ್ತಿಗೆ. ಕಂಡದ್ದನ್ನೆಲ್ಲ ಮೂಗಿನಿಂದ ಮುಟ್ಟಿ ನೋಡುವ ಪ್ರಾಣಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಇಲ್ಲ.

ಅದೇ ವಾರ

ಒಂದೇ ಬೆಳಗ್ಗೆ, ಒಂದೇ ದೀಪದ ಕೆಳಗೆ ಎರಡು ನಾಯಿ. ಮೂರನೇ ಮಹಡಿಯ ಲ್ಯಾಬ್ರಡಾರ್ ಸಿಂಬಾ ಒಂದು ಹುಳವನ್ನು ಮೂಸಿದ. ಗೇಟಿನ ಹತ್ತಿರ ಇರುವ ಬೀದಿನಾಯಿ ಕರಿಯ ಇನ್ನೊಂದನ್ನು ಬಾಯಿಗೇ ಹಾಕಿಕೊಂಡ. ಕರಿಯ ತಲೆ ಒದರಿ, ಎರಡು ಸಲ ಸೀನಿ, ಬಾಯಿ ನೆಕ್ಕಿಕೊಂಡು ಹೋಗಿ ಬಿಸಿಲಿಗೆ ಮಲಗಿದ. ಸಿಂಬಾನ ಮೂತಿ ಮಾತ್ರ ಅರ್ಧ ಗಂಟೆಯೊಳಗೆ ಅಯ್ಯಂಗಾರ್ ಬೇಕರಿಯ ಬನ್ನಿನ ಹಾಗೆ ಉಬ್ಬಿತು. ಕಣ್ಣು ಮುಚ್ಚಿಹೋದವು, ಹೊಟ್ಟೆಯ ಮೇಲೆ ದದ್ದು ಎದ್ದಿತು.

“ಅಯ್ಯೋ ಅಂಕಲ್, ಮುಖ ನೋಡಿ ಇವನದು!” ಎಂದು ಸಿಂಬಾನ ಮನೆಯ ಹುಡುಗಿ ಅಳುತ್ತಾ ಬಂದಳು. ಕಲಬುರಗಿ ಕಡೆಯ ಸೆಕ್ಯೂರಿಟಿಯವರು “ಸುಣ್ಣ ಹಚ್ರಿ ಸರ್, ಇಳೀತದ” ಎಂದರು. ಸುಣ್ಣ ಹಚ್ಚಲು ನಾಯಿ ಒಪ್ಪಬೇಕಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಅವಿಲ್, ಡೆಕ್ಸಾ ಎರಡು ಇಂಜೆಕ್ಷನ್ ಕೊಟ್ಟರು. ಸಂಜೆಗೆ ಸಿಂಬಾ ಚೆಂಡು ಕೇಳುತ್ತಿದ್ದ.

ಇಷ್ಟರಲ್ಲಿ ವಿಚಿತ್ರವೇನೂ ಇಲ್ಲ. ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ಇಲ್ಲ. ಮನುಷ್ಯರಲ್ಲೂ ಹಾಗೇ.

ಸಹಕಾರನಗರ

ಗೆಳೆಯರ ಮನೆಯ ಚಿನ್ನು ಸಣ್ಣ ಜಾತಿಯ ನಾಯಿ, ಒಳಗೇ ಬೆಳೆದವಳು. ಮೊನ್ನೆ ಹಿತ್ತಲಿಂದ ಕುಂಯ್ ಎನ್ನುತ್ತಾ ಓಡಿಬಂದು ಸೋಫಾದ ಕೆಳಗೆ ಸೇರಿಕೊಂಡಳು. ಮುಖ ನೆಟ್ಟಗಿತ್ತು, ಊತ ಇಲ್ಲ, ದದ್ದಿಲ್ಲ. ಸ್ವಲ್ಪ ಹೊತ್ತಿಗೆ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಕರೆದರೆ ಕತ್ತು ಎತ್ತಲಿಲ್ಲ. ಮನೆಯವರೆಲ್ಲ “ಏನೋ ತಿಂದಿರಬೇಕು” ಎಂದುಕೊಂಡು ಕಸದ ಬುಟ್ಟಿ ತಡಕಾಡಿದರು. ತುಟಿ ಎತ್ತಿ ನೋಡಿದವರು ಅಜ್ಜಿ ಒಬ್ಬರೇ. ಒಸಡು ಕಾಗದದಷ್ಟು ಬಿಳುಪು.

ಡಾಕ್ಟರು ಮುಂಗಾಲಿನ ಬೆರಳ ಸಂದಿಯಲ್ಲಿ ಜೇನಿನ ಮುಳ್ಳು ಕಂಡುಹಿಡಿದರು. ಅಷ್ಟರೊಳಗೆ ತೊಡೆಗೆ ಅಡ್ರಿನಲಿನ್ ಕೊಟ್ಟು, ಡ್ರಿಪ್ ಹಾಕಿಯಾಗಿತ್ತು. ಆಮೇಲೆ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಜೇನು ಕಚ್ಚಿದ್ದು ಕಾಲಿಗೆ, ಇವರು ನೋಡುತ್ತಿರುವುದು ಪಿತ್ತಕೋಶ. ಪರದೆಯಲ್ಲಿ ಪಿತ್ತಕೋಶದ ಗೋಡೆ ನೀರು ತುಂಬಿ ದಪ್ಪಗಾಗಿ, ಸುತ್ತ ಒಂದು ಕಪ್ಪು ಉಂಗುರ ಬಂದಿತ್ತು.

“ಮುಖ ಊದಿದ್ರೆ ಮನೆಯವ್ರಿಗೆ ಭಯ. ವಾಂತಿ, ಭೇದಿ ಶುರುವಾದ್ರೆ ನನಗೆ ಭಯ” ಎಂದರು ಡಾಕ್ಟರು.

ಅಲ್ಲೇ ಬರೆದುಕೊಂಡದ್ದು

ಅಲರ್ಜಿಯ ಆಘಾತ ಮನುಷ್ಯನಲ್ಲಿ ಹೆಚ್ಚಾಗಿ ಉಸಿರಾಟವನ್ನೂ ಹೃದಯವನ್ನೂ ಹಿಡಿಯುತ್ತದೆ, ಬೆಕ್ಕಿನಲ್ಲಿ ಶ್ವಾಸಕೋಶವನ್ನು, ನಾಯಿಯಲ್ಲಿ ಮುಖ್ಯವಾಗಿ ಲಿವರನ್ನು. ನಾಯಿಯ ಕರುಳು, ಲಿವರುಗಳಲ್ಲಿ ಮಾಸ್ಟ್ ಕೋಶಗಳು ಹೇರಳ. ಅವು ಒಡೆದಾಗ ಹಿಸ್ಟಮಿನ್ ಸುರಿದು ಲಿವರಿನ ಕಡೆ ನುಗ್ಗುತ್ತದೆ. ಲಿವರಿನಿಂದ ಹೊರಗೆ ಹೋಗುವ ರಕ್ತನಾಳಗಳು ಬಿಗಿಯುತ್ತವೆ. ಒಳಗೆ ಬಂದ ರಕ್ತ ಅಲ್ಲೇ ನಿಲ್ಲುತ್ತದೆ, ಹೃದಯಕ್ಕೆ ವಾಪಸು ಬರುವುದು ಕಡಿಮೆಯಾಗಿ ಬಿಪಿ ಕುಸಿಯುತ್ತದೆ. ಒಸಡು ಬಿಳುಚುವುದಕ್ಕೂ ಪಿತ್ತಕೋಶದ ಗೋಡೆ ಉಬ್ಬುವುದಕ್ಕೂ ಕಾರಣ ಇದೇ.

ಅಂದರೆ ಇಷ್ಟು ದಿನ ನಾವು ನೋಡುತ್ತಿದ್ದದ್ದು ತಪ್ಪು ಜಾಗ. ನಾಯಿಯನ್ನು ನಮ್ಮ ಹಾಗೇ ಮುಖದಿಂದ ಓದುತ್ತೇವೆ. ಊತ ಬರೀ ಅಲಂಕಾರ ಎನ್ನುತ್ತಿಲ್ಲ, ನಾಲಿಗೆ, ಗಂಟಲು ಊದಿದರೆ ಉಸಿರು ಕಟ್ಟುತ್ತದೆ, ಊತದಿಂದ ಶುರುವಾಗಿ ಮುಂದೆ ಹೋಗುವುದೂ ಉಂಟು. ಆದರೆ ಊತವೇ ಇಲ್ಲದೆ ನಾಯಿ ಕುಸಿಯಬಹುದು ಎನ್ನುವುದು ನನಗೆ ಗೊತ್ತಿರುವ ಯಾವ ನಾಯಿ ಮನೆಯವರಿಗೂ ಗೊತ್ತಿರಲಿಲ್ಲ.

ಇನ್ನೊಂದು ಗೋಜಲು

ಚಿನ್ನುವಿಗೆ ಹಿಂದೆಯೂ ಜೇನು ಕಚ್ಚಿತ್ತಂತೆ, ಆಗ ಏನೂ ಆಗಿರಲಿಲ್ಲ. “ಅದಕ್ಕೇ ಧೈರ್ಯವಾಗಿದ್ವಿ” ಎಂದರು ಗೆಳೆಯರು. ಆ ಧೈರ್ಯ ತಲೆಕೆಳಗಾದದ್ದು. ಮೊದಲ ಸಲ ಮೈ ಆ ವಿಷಕ್ಕೆ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಅನಾಹುತ ಆಗುವುದು ಆಮೇಲೆ.

ಇದು ಲೋಕಕ್ಕೆ ಗೊತ್ತಾದದ್ದೇ ನಾಯಿಯಿಂದ. 1901ರಲ್ಲಿ ಮೊನಾಕೊದ ದೊರೆ ಒಂದನೇ ಆಲ್ಬರ್ಟನ ಹಡಗಿನಲ್ಲಿ ಚಾರ್ಲ್ಸ್ ರಿಷೆ, ಪಾಲ್ ಪೋರ್ತಿಯೆ ಎಂಬ ಫ್ರೆಂಚ್ ವಿಜ್ಞಾನಿಗಳು ಕುಟುಕುವ ಕಡಲಜೀವಿಗಳ ವಿಷದ ಬೆನ್ನು ಹತ್ತಿದ್ದರು. ಪ್ಯಾರಿಸ್ಸಿಗೆ ಮರಳಿ ಸೀ ಅನಿಮೊನಿಯ ವಿಷವನ್ನು ನಾಯಿಗಳಿಗೆ ಚುಚ್ಚಿದರು. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಡೋಸಿಗೆ ಜಗ್ಗಲಿಲ್ಲ. 22 ದಿನ ಬಿಟ್ಟು ಅಷ್ಟೇ ಪ್ರಮಾಣ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಏದುಸಿರು, ಭೇದಿ, ರಕ್ತವಾಂತಿ. 25 ನಿಮಿಷಕ್ಕೆ ಸತ್ತಿತು. ವಿಷಕ್ಕೆ ಮೈ ಒಗ್ಗಿಸಬಹುದೇ ಎಂದು ನೋಡಹೊರಟವರಿಗೆ ಸಿಕ್ಕಿದ್ದು ಅದರ ವಿರುದ್ಧ. ಅದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ರಿಷೆಗೆ ನೊಬೆಲ್ ಬಂತು. ನೆಪ್ಚೂನನ ಲಕ್ಷಣಗಳನ್ನು ಓದುವಾಗ ಚಿನ್ನುವಿನ ಕೇಸ್ ಶೀಟ್ ಓದಿದ ಹಾಗೇ ಆಯಿತು. ನೂರು ವರ್ಷ ಮೀರಿದ ಸುದ್ದಿ ಸಹಕಾರನಗರಕ್ಕೆ ಇನ್ನೂ ತಲುಪಿಲ್ಲ ಎಂದರೆ ಏನು ಹೇಳುವುದು!

25 ನಿಮಿಷ ಎಂದಾಗ ನನ್ನ ತಲೆಗೆ ಬಂದದ್ದು ಹೆಬ್ಬಾಳ ಫ್ಲೈಓವರ್. ದೊಡ್ಡ ಪಶುವೈದ್ಯಕೀಯ ಆಸ್ಪತ್ರೆ ಇರುವುದು ಹೆಬ್ಬಾಳದ ಕಾಲೇಜಿನಲ್ಲಿ. ಆದರೆ ಯಲಹಂಕದಿಂದ ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಫ್ಲೈಓವರ್ ಮೇಲೇ ಆ ಹೊತ್ತು ಕಳೆಯುತ್ತದೆ. ಮೊದಲ ಇಂಜೆಕ್ಷನ್ನಿಗೆ ಬೀದಿ ಕೊನೆಯ ಕ್ಲಿನಿಕ್ಕೇ ಗತಿ. ಅಲ್ಲಿ ಅಡ್ರಿನಲಿನ್ ಇಟ್ಟಿರುತ್ತಾರಾ ಎಂದು ಮೊದಲೇ ಕೇಳಿಟ್ಟುಕೊಂಡರೆ ಒಳ್ಳೆಯದು.

ಮುಳ್ಳಿನ ವಿಚಾರ

ಜೇನಿನ ಮುಳ್ಳಿಗೆ ಗರಗಸದ ಹಲ್ಲಿರುವುದರಿಂದ ಅದು ಚರ್ಮದಲ್ಲೇ ಉಳಿಯುತ್ತದೆ, ವಿಷದ ಚೀಲದ ಸಮೇತ. ಹುಳ ಹೋದ ಮೇಲೂ ಚೀಲ ತಾನಾಗಿ ಹಿಂಡುತ್ತಲೇ ಇರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಹೆಚ್ಚಿನ ವಿಷ ಇಳಿದುಹೋಗುತ್ತದೆ. ಕೀಳಬಾರದು, ಕಾರ್ಡಿನಿಂದ ಕೆರೆದು ತೆಗೆಯಬೇಕು ಎನ್ನುವ ಪಾಠ ಎಲ್ಲರ ಬಾಯಲ್ಲಿದೆ. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಯೋಗದ ಪ್ರಕಾರ ಹೇಗೆ ತೆಗೆದರೂ ಒಂದೇ, ಬೇಗ ತೆಗೆಯಬೇಕು ಅಷ್ಟೇ. ನಾಯಿಯ ಕೂದಲಿನಲ್ಲಿ ಆ ಎಳ್ಳಿನಷ್ಟು ಮುಳ್ಳನ್ನು 20 ಸೆಕೆಂಡಿನಲ್ಲಿ ಹುಡುಕುವ ಪುಣ್ಯಾತ್ಮರು ಯಾರೋ. ಕಚ್ಚಿದ ಜಾಗದಲ್ಲಿ ಬಾಳೆಹಣ್ಣಿನ ವಾಸನೆ ಬರುತ್ತದೆ ಎನ್ನುತ್ತಾರೆ. ಉಳಿದ ಹುಳಗಳಿಗೆ ಅದು ಬನ್ನಿ ಎನ್ನುವ ಕರೆ. ಹೆಜ್ಜೇನು ಒಂದು ಕಚ್ಚಿದ ಕಡೆ ಹತ್ತು ಬಂದು ಕಚ್ಚುವುದು ಇದರಿಂದ. ಕಡಜ ಮುಳ್ಳು ಬಿಡುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ. ಮೀಟರ್ ಬಾಕ್ಸಿನ ಸಂದಿಯಲ್ಲಿ ಗೂಡು ಕಟ್ಟುವ ಮುಜಂಟಿ ಜೇನಿಗೆ ಚುಚ್ಚುವ ಮುಳ್ಳೇ ಇಲ್ಲ, ನಾಯಿ ಬೇಕಾದಷ್ಟು ಬೊಗಳಲಿ.

ಗೂಡಿಗೆ ಯಾರೋ ಕಲ್ಲು ಹೊಡೆದು ಇಡೀ ಹಿಂಡು ಎರಗಿದರೆ ಮಾತು ಬೇರೆ. ಅಲ್ಲಿ ಅಲರ್ಜಿ ಬೇಕಿಲ್ಲ, ವಿಷವೇ ಸಾಕು. ಪಶುವೈದ್ಯರ ಅಂದಾಜು ನಾಯಿಯ ಕಿಲೋ ತೂಕಕ್ಕೆ ಸುಮಾರು 20 ಮುಳ್ಳು ಎಂದರೆ ಪ್ರಾಣಾಂತಿಕ. ಬದುಕಿದರೂ ರಕ್ತಕಣ ಒಡೆದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಕಿಡ್ನಿಗೆ ಏಟು ಬೀಳುವುದು ಒಂದೆರಡು ದಿನ ಬಿಟ್ಟು.

ಮತ್ತೆ ಯಲಹಂಕ

ಸಿಂಬಾನ ಮನೆಯಲ್ಲಿ ಈಗ ನೆಗಡಿ ಮಾತ್ರೆ ಇಟ್ಟುಕೊಂಡಿದ್ದಾರೆ. ಅಲರ್ಜಿಗೂ ಅದೇ ಮದ್ದಲ್ಲವೇ ಎಂಬ ಲೆಕ್ಕ. ಹೆಚ್ಚಿನ ನೆಗಡಿ ಮಾತ್ರೆಗಳಲ್ಲಿ ಜೊತೆಗೆ ಪ್ಯಾರಾಸಿಟಮಾಲ್ ಇರುತ್ತದೆ, ನಾಯಿಗೆ ಅದು ಬೇರೆಯೇ ಕಂಟಕ. ವಾಂತಿ ಮಾಡಿಕೊಳ್ಳುವ ನಾಯಿಗೆ ಬಾಯಿಂದ ಮಾತ್ರೆ ಹೇಗೆ ಇಳಿಯುತ್ತದೆ ಎಂದೂ ಕೇಳಿದೆ. ಹುಡುಗಿ ಮಾತ್ರೆಯ ಪಟ್ಟಿ ತಿರುಗಿಸಿ ಓದತೊಡಗಿದಳು.

ನನಗೆ ಬಗೆಹರಿಯದೆ ಉಳಿದಿರುವುದು ಕರಿಯನ ಜಾತಿಯವರು. ಬೀದಿನಾಯಿಗೆ ಜೇನು ಏನೂ ಮಾಡಲ್ಲ, ಗಟ್ಟಿ ಜೀವ ಎಂದು ಎಲ್ಲರೂ ಹೇಳುತ್ತಾರೆ. ಮಾಡಲ್ಲವೋ, ಮಾಡಿದ್ದು ನಮಗೆ ಕಾಣಲ್ಲವೋ? ಯಶವಂತಪುರ ಮಾರ್ಕೆಟ್ಟಿನಲ್ಲಿ ಲಾರಿಯ ಕೆಳಗೆ ನಾಯಿಯೊಂದು ವಾಂತಿ ಮಾಡಿ ಮಲಗಿದ್ದರೆ “ಏನೋ ತಿಂದಿದೆ” ಎಂದು ಎಲ್ಲರೂ ದಾಟಿಹೋಗುತ್ತೇವೆ. ಅದರ ತುಟಿ ಎತ್ತಿ ನೋಡುವ ಅಜ್ಜಿ ಅಲ್ಲಿ ಇರುವುದಿಲ್ಲ.

ಕರಿಯನ ಮೇಲೆ ಒಂದು ಕಣ್ಣಿಡಿ, ಒಸಡು ನೋಡುತ್ತಿರಿ ಎಂದು ಸೆಕ್ಯೂರಿಟಿಯವರಿಗೆ ಹೇಳಿದೆ. “ಅದರ ಒಸಡು ಮೊದಲಿಂದ ಕರೀನೇ ಅದ ಸರ್, ಬಿಳುಪಾಗೋದು ಹ್ಯಾಂಗ ಗೊತ್ತಾಗಬೇಕು?” ಎಂದರು. ಡಾಕ್ಟರಿಗೆ ಫೋನ್ ಹಚ್ಚಿದೆ. ಕೆಳಗಿನ ರೆಪ್ಪೆ ಜಗ್ಗಿ ಒಳಗಿನ ಬಣ್ಣ ನೋಡಿ ಎಂದರು. ಕರಿಯ ಯಾರಿಗೂ ರೆಪ್ಪೆ ಜಗ್ಗಲು ಬಿಡುವವನಲ್ಲ. ಸದ್ಯಕ್ಕೆ ಬಿಸ್ಕತ್ತು ಕೊಟ್ಟು ತಲೆ ಮುಟ್ಟುವವರೆಗೆ ಬಂದಿದ್ದಾರೆ.