ಬೆಟ್ಟದ ನಾಡಿನಲ್ಲಿ ಪಿಯುಸಿ ಭೌತಶಾಸ್ತ್ರ

ಎಸ್ಸೆಸ್ಸೆಲ್ಸಿವರೆಗೆ ವಿಜ್ಞಾನ ಪುಸ್ತಕದ ಒಂದು ಪಾಲಾಗಿದ್ದ ಭೌತಶಾಸ್ತ್ರ ಪಿಯುಸಿಯಲ್ಲಿ ಸ್ವತಂತ್ರ ವಿಷಯವಾಗುತ್ತದೆ. ಕೊಡಗಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಕಾಲೇಜುಗಳಲ್ಲಿ ಪಿಸಿಎಂಬಿ, ಪಿಸಿಎಂಸಿ ಹಿಡಿದವರು ಇದನ್ನು ಎರಡು ವರ್ಷ ಓದುತ್ತಾರೆ. ರಾಜ್ಯದಲ್ಲಿ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದಿದೆ. ಮೊದಲ ವರ್ಷ ಚಲನೆ, ಬಲ, ಗುರುತ್ವ, ಉಷ್ಣ, ಅಲೆಗಳು. ಎರಡನೇ ವರ್ಷ ವಿದ್ಯುತ್ತು, ಕಾಂತತ್ವ, ಬೆಳಕು, ಪರಮಾಣು, ಅರೆವಾಹಕ. ದ್ವಿತೀಯ ಪಿಯುಸಿಯಲ್ಲಿ ಲಿಖಿತ ಪರೀಕ್ಷೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ಸಿಇಟಿಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ.

ಮೊದಲ ತಿಂಗಳುಗಳೇ ಕಷ್ಟದವು. ಸರಳರೇಖೆಯ ಚಲನೆಯ ಪಾಠಕ್ಕೆ ಅವಕಲನ ಬೇಕು. ಗಣಿತದ ಪುಸ್ತಕದಲ್ಲಿ ಅದು ಬರುವುದು ಕೊನೆಯ ಅಧ್ಯಾಯಗಳಲ್ಲಿ. ಹಾಗಾಗಿ ಭೌತಶಾಸ್ತ್ರದ ಉಪನ್ಯಾಸಕರೇ ಒಂದೆರಡು ತರಗತಿ ಗಣಿತಕ್ಕೆ ಮೀಸಲಿಟ್ಟರೆ ಮಕ್ಕಳ ಭಯ ಅರ್ಧಕ್ಕರ್ಧ ಇಳಿಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪುಸ್ತಕವನ್ನು ಅರಗಿಸಿಕೊಳ್ಳುವ ಕೆಲಸವೂ ಜೊತೆಗೇ ಇರುತ್ತದೆ.

ಪುಸ್ತಕದಲ್ಲಿರುವ ಎಷ್ಟೋ ಅಂಕಿಗಳು ಸಮುದ್ರಮಟ್ಟದವು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಅಲ್ಲಿ ಸಮುದ್ರಮಟ್ಟಕ್ಕಿಂತ ಶೇಕಡಾ 13ರಷ್ಟು ಕಡಿಮೆ. ನೀರು 100 ಡಿಗ್ರಿ ಸೆಲ್ಸಿಯಸ್ ಬದಲು ಸುಮಾರು 96ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುವುದೂ, ಕುಕ್ಕರ್ ಒಳಗಿನ ಒತ್ತಡ ಏರಿಸಿ ಆ ಕೊರತೆ ನೀಗಿಸುವುದೂ ಇದರಿಂದಲೇ.

ಪ್ರಯೋಗಾಲಯದಲ್ಲಿ ಸರಳ ಲೋಲಕ ಇನ್ನೊಂದು ಪಾಠ ಕಲಿಸುತ್ತದೆ. ಒಂದು ಮೀಟರ್ ದಾರದ ತುದಿಯ ಗುಂಡನ್ನು ತುಸು ಎಳೆದು ಬಿಟ್ಟು 20 ಆಂದೋಲನ ಎಣಿಸಿದರೆ ಸ್ಟಾಪ್‌ವಾಚ್ ಸುಮಾರು 40 ಸೆಕೆಂಡು ತೋರಿಸುತ್ತದೆ. ಅದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಬಹುದು. ಮಡಿಕೇರಿಯ ಎತ್ತರಕ್ಕೆ ಅದು ಕಡಿಮೆಯಾಗುವುದು ಸುಮಾರು 0.0035 ಮೀ/ಸೆ². ಗುಂಡಿ ಒತ್ತುವಾಗ ಬೆರಳು 0.1 ಸೆಕೆಂಡು ತಡವಾದರೂ ಉತ್ತರದಲ್ಲಿ 0.05ರಷ್ಟು ವ್ಯತ್ಯಾಸ ಬರುತ್ತದೆ. ಬೆಟ್ಟದ ಪರಿಣಾಮ ಕೈತಪ್ಪಿನಲ್ಲಿ ಮುಚ್ಚಿಹೋಗುತ್ತದೆ. ತನ್ನ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಹೀಗೆ ಗೊತ್ತಾದ ವಿದ್ಯಾರ್ಥಿಗೆ ಲ್ಯಾಬ್ ರೆಕಾರ್ಡ್ ಬರೀ ನಕಲಿನ ಪುಸ್ತಕವಾಗಿ ಉಳಿಯುವುದಿಲ್ಲ.

ಎರಡನೇ ವರ್ಷದ ಮೊದಲ ಪಾಠ ವಿದ್ಯುದಾವೇಶ. ಅದು ಶುರುವಾಗುವುದೇ ಮುಂಗಾರಿನಲ್ಲಿ. ಬಾಚಣಿಗೆಯನ್ನು ಎಷ್ಟು ಉಜ್ಜಿದರೂ ಕಾಗದದ ಚೂರು ಮೇಲೇಳುವುದಿಲ್ಲ. ತೇವದ ಗಾಳಿಯಿಂದ ಮೇಲ್ಮೈಗೆ ಅಂಟುವ ನೀರಿನ ಪದರ ಆವೇಶವನ್ನು ಸೋರಿಸಿಬಿಡುತ್ತದೆ. ಇದೇ ಪ್ರಯೋಗವನ್ನು ಜನವರಿಯ ಒಣಹವೆಯಲ್ಲಿ ಮತ್ತೆ ಮಾಡಿಸಿದರೆ, ಆಗದೇ ಹೋದದ್ದೂ ಪಾಠವೇ ಆಗುತ್ತದೆ.

ಘರ್ಷಣೆ, ಇಳಿಜಾರಿನ ಲೆಕ್ಕಗಳಿಗೆ ಇಲ್ಲಿ ಇನ್ನೂ ಗಂಭೀರ ಅರ್ಥವಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದವು. ಇಳಿಜಾರಿನ ಮಣ್ಣನ್ನು ಕೆಳಕ್ಕೆಳೆಯುವುದು ಅದರ ತೂಕದ ಒಂದು ಅಂಶ. ತಡೆಯುವುದು ಘರ್ಷಣೆ ಮತ್ತು ಮಣ್ಣಿನ ಹಿಡಿತ. ಮಳೆನೀರು ಮಣ್ಣಿನ ತೂಕ ಹೆಚ್ಚಿಸುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡ ಅವು ಒಂದನ್ನೊಂದು ಒತ್ತುವ ಬಲವನ್ನು ತಗ್ಗಿಸಿ, ಘರ್ಷಣೆಯನ್ನೂ ಕುಗ್ಗಿಸುತ್ತದೆ. ಪ್ರಥಮ ಪಿಯುಸಿಯ ಬಲರೇಖಾಚಿತ್ರ ಬಿಡಿಸಬಲ್ಲವರು ಇದನ್ನು ಅರಿಯಬಲ್ಲರು. ಗುಡ್ಡ ಕಡಿಯುವುದು, ನೀರಿನ ದಾರಿ ಮುಚ್ಚುವುದು ಏಕೆ ಅಪಾಯವೆಂದು ಮನೆಯವರಿಗೂ ತಿಳಿಸಬಲ್ಲರು. ಮುಂದೆ ಎಂಜಿನಿಯರಿಂಗ್, ವೈದ್ಯಕೀಯ, ಬಿಎಸ್ಸಿ ಯಾವುದಕ್ಕೆ ಹೋದರೂ, ಕೊಡಗಿನ ಮಕ್ಕಳಿಗೆ ಈ ಎರಡು ವರ್ಷಗಳಿಂದ ದಕ್ಕಬೇಕಾದ ತಿಳಿವಳಿಕೆ ಇದು.